ದಾರಿಯಲ್ಲಿ ಕಂಡಿದ್ದನ್ನು ಹೇಳುವ ಹತ್ತು ನಿಮಿಷ

ಶಾಲೆಗಳನ್ನು ಮೇಲಿನಿಂದ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಅಮೃತೂರು ಹೋಬಳಿಯ ನಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಅಂತ ಹತ್ತು ನಿಮಿಷ ಇತ್ತು. ಕಳೆದ ಜೂನ್ ತಿಂಗಳಲ್ಲಿ ಒಂದು ಸುತ್ತೋಲೆ ಕಳಿಸಿ ನೀವು ಅದನ್ನು ತೆಗೆದುಕೊಂಡಿರಿ. ವಾಪಸು ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಮೊದಲು ಮಾಡುವ ಕೆಲಸ ಅಲ್ಲಿನ ಟೀಚರಿಗೆ ನೋಟಿಸು ಕೊಡುವುದು. ಆಕೆಗೆ ಈಗಾಗಲೇ ಒಂದು ಬಂದಿದೆ, ಅದರ ಕಥೆಯನ್ನೂ ಹೇಳುತ್ತೇನೆ.

ನಾನು ಓದಿರುವುದು ಐದನೇ ಕ್ಲಾಸು, ಅದೇ ಶಾಲೆಯಲ್ಲಿ. ಈಗ ಹಿರೇಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ವಾರವೆಲ್ಲ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಇನ್ನು ಮೂವರು ಹುಡುಗಿಯರ ಜೊತೆ ಒಂದು ರೂಮಿನಲ್ಲಿ ಇರುತ್ತೇನೆ, ಶನಿವಾರ ಸಂಜೆ ಕುಣಿಗಲ್ ಬಸ್ಸು ಹತ್ತಿ ಊರಿಗೆ ಬರುತ್ತೇನೆ. ನಾಲ್ಕು ಜನರ ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. ಬರೆಯುವುದು ಮಾತ್ರ ಹೇಗೋ ಅಭ್ಯಾಸವಾಗಿದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ತಿದ್ದುವುದಕ್ಕಾದರೂ ಓದಿ.

ಆ ಹತ್ತು ನಿಮಿಷದಲ್ಲಿ ಏನು ನಡೆಯುತ್ತಿತ್ತು ಎನ್ನುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಯಾವ ಫಾರಂನಲ್ಲೂ ಅದಕ್ಕೆ ಕಾಲಂ ಇರಲಿಲ್ಲ. ಅದನ್ನು ಶುರು ಮಾಡಿದವರು ಲಕ್ಷ್ಮೀನರಸಿಂಹಯ್ಯ ಮೇಷ್ಟ್ರು. ಗುಬ್ಬಿ ಕಡೆಯವರು, ಈಗ ರಿಟೈರಾಗಿ ಗುಬ್ಬಿಯಲ್ಲೇ ಇದ್ದಾರೆ. ಅವರ ಜಾಗಕ್ಕೆ ಬಂದ ಟೀಚರೂ ಅದನ್ನು ಬಿಡದೆ ನಡೆಸಿಕೊಂಡು ಬಂದರು. ನಾವು ಮಕ್ಕಳು ಅದನ್ನು ‘ಕಂಡಿದ್ದು’ ಅನ್ನುತ್ತಿದ್ದೆವು. ದಿನಕ್ಕೆ ಇಬ್ಬರ ಸರದಿ. ಸರದಿ ಬಂದವರು ಮೆಟ್ಟಿಲ ಮೇಲೆ ನಿಂತು ಈಚೆಗೆ ಮನೆಯಲ್ಲೋ ದಾರಿಯಲ್ಲೋ ತಾವು ಕಂಡ ಒಂದು ವಿಷಯ ಹೇಳಬೇಕು. ಸ್ವಂತ ಕಣ್ಣಿಂದ ಕಂಡದ್ದಾಗಿರಬೇಕು, ಯಾರೋ ಹೇಳಿದ್ದು ನಡೆಯುವುದಿಲ್ಲ. ಉಳಿದವರು ಪ್ರಶ್ನೆ ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ನೋಡ್ಕಂಡು ಬತ್ತೀನಿ’ ಎನ್ನಬೇಕು. ಹಾಗೆ ಹೇಳಿದವರಿಗೆ ಮೇಷ್ಟ್ರು ಮರುದಿನ ಮತ್ತೆ ಸರದಿ ಕೊಡುತ್ತಿದ್ದರು. ಮಾನ್ಯರೇ, ಗೊತ್ತಿಲ್ಲ ಅಂದರೆ ಬಹುಮಾನ ಕೊಡುವ ಇನ್ನೊಂದು ಜಾಗವನ್ನು ನಾನು ಇದುವರೆಗೂ ನೋಡಿಲ್ಲ. ನಿಮ್ಮ ಕಚೇರಿಯಲ್ಲಿ ಇದೆಯೇ?

ನನ್ನ ಮೊದಲ ಸರದಿ ಎರಡನೇ ಕ್ಲಾಸಿನಲ್ಲಿ. ಮೆಟ್ಟಿಲ ಮೇಲೆ ನಿಂತು ಲಂಗದ ಅಂಚು ತಿರುಚುತ್ತಾ ನಿಂತೇ ಇದ್ದೆ. ಮೇಷ್ಟ್ರು ಕಾದರು. ಗದರಲಿಲ್ಲ, ಮುಂದಿನವರನ್ನು ಕರೆಯಲಿಲ್ಲ, ಬೇಲಿಯ ಕಡೆ ನೋಡುತ್ತಾ ಸುಮ್ಮನೆ ಕಾದರು. ಕೊನೆಗೆ ಹೇಳಿದೆ: “ನಮ್ಮಪ್ಪ ಕಾಯಿನ ಅಲ್ಲಾಡ್ಸಿ ಕಿವಿಗೆ ಇಟ್ಕತ್ತಾನೆ.”

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಏನ್ಲೇ, ನಿಮ್ಮಪ್ಪ ಕಾಯ್ಗೆ ಫೋನ್ ಮಾಡ್ತಾನಾ?”

ಎಲ್ಲರೂ ನಕ್ಕರು. ಇನ್ನೊಬ್ಬಳು ಕೇಳಿದಳು: “ಆ ಕಡೆಯಿಂದ ಯಾರ್ ಮಾತಾಡ್ತಾರೆ?”

“ಗೊತ್ತಿಲ್ಲ,” ಅಂದೆ. “ನಾಳೆ ನೋಡ್ಕಂಡು ಬತ್ತೀನಿ.”

ಅವತ್ತು ಸಂಜೆ ನಾನೂ ಅಪ್ಪನ ಪಕ್ಕ ಅಟ್ಟ ಹತ್ತಿ ಕೂತೆ. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಒಡೆಯದೆ ಅದು ಆಗಿದೆಯೋ ಇಲ್ಲವೋ ತಿಳಿಯುವುದು ಸದ್ದಿನಿಂದ. ನೀರು ಉಳಿದಿದ್ದರೆ ಗುಳುಗುಳು. ಒಣಗಿದ್ದರೆ ಗಡಗಡ. ಎರಡರ ನಡುವೆ ಇನ್ನೂ ಒಂದು ಸದ್ದಿದೆ, ಅದಕ್ಕೆ ಹೆಸರಿಲ್ಲ, ಅದು ಕೇಳಿದ ಕಾಯಿಯನ್ನು ಅಪ್ಪ ಮತ್ತೆ ಅದರ ಜಾಗದಲ್ಲೇ ಇಡುತ್ತಿದ್ದ. “ಇದು ಇನ್ನೂ ಯೋಚ್ನೆ ಮಾಡ್ತೈತೆ ಕಣವ್ವ, ಬುಡು” ಅನ್ನುತ್ತಿದ್ದ. ಮರುದಿನ ಮೆಟ್ಟಿಲ ಮೇಲೆ ನಿಂತು ಮೂರೂ ಸದ್ದುಗಳನ್ನು ಬಾಯಿಂದ ಮಾಡಿ ತೋರಿಸಿದೆ. ಫೋನಿನ ಮಾತು ತೆಗೆದ ಹುಡುಗನೇ ಮಧ್ಯಾಹ್ನ ಬಂದು ಇನ್ನೊಂದು ಸಲ ಮಾಡು ಅಂತ ಕೇಳಿದ. ನಾಚಿಕೆಯ ಹುಡುಗಿಯೊಬ್ಬಳು ಬಾಯಿ ಬಿಟ್ಟದ್ದು ಹೀಗೆ. ಆಮೇಲೆ ಬರೆಯುವುದಕ್ಕೆ ಶುರು ಮಾಡಿದ್ದೂ, ಸರದಿ ಬರುವ ತನಕ ಕಂಡದ್ದು ಮರೆತು ಹೋಗಬಾರದು ಅಂತ.

ಇದು ಬರೀ ಆಟವಾಗಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ತನ್ನ ಸರದಿಯಲ್ಲಿ ನನ್ನನ್ನೇ ತೋರಿಸಿ, “ಇವಳ ಅವ್ವ ಕೊಳಾಯಿಂದ ಮನೇಗೆ ಬರೋದ್ರೊಳಗೆ ಮೂರ್ ಸಲ ಕುಂತ್ಕಂಡ್ಲು” ಅಂದಳು. ನನಗೆ ಸಿಟ್ಟು ಬಂತು. ಅವತ್ತು ಸಂಜೆ ಮೇಷ್ಟ್ರು ಸೈಕಲ್ ತಳ್ಳಿಕೊಂಡು ನಮ್ಮ ಮನೆಗೆ ಬಂದರು, ಅಪ್ಪನ ಜೊತೆ ಮಾತಾಡಿದರು, ವಾರದೊಳಗೆ ಅವ್ವನನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ಕಾಯಿಲೆ. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ಆಮೇಲೆ ಅವ್ವ ಎರಡು ವರ್ಷ ಇದ್ದಳು. ಅವಳನ್ನು ನೋಡಿಕೊಳ್ಳಲು ನಾನು ಶಾಲೆ ಬಿಟ್ಟೆ. ಶಾಲೆ ಬಿಟ್ಟದ್ದಕ್ಕೆ ಬೇಜಾರಿದೆ, ಆ ಎರಡು ವರ್ಷಕ್ಕೆ ಇಲ್ಲ.

ಈಗ ನಿಮ್ಮ ಸುತ್ತೋಲೆಗೆ ಬರುತ್ತೇನೆ. ಪ್ರಾರ್ಥನೆಯ ನಂತರದ ಹತ್ತು ನಿಮಿಷವನ್ನು ‘ಇಂದಿನ ವಿಡಿಯೋ’ ತೋರಿಸಲು ಕಡ್ಡಾಯವಾಗಿ ಬಳಸತಕ್ಕದ್ದು, ಮಕ್ಕಳು ವೀಕ್ಷಿಸುತ್ತಿರುವ ಫೋಟೋವನ್ನು ಹತ್ತು ಗಂಟೆಯೊಳಗೆ ಅಪ್‌ಲೋಡ್ ಮಾಡತಕ್ಕದ್ದು, ಫೋಟೋದಲ್ಲಿ ಹಾಜರಾತಿಯಷ್ಟೇ ಮುಖಗಳು ಇರತಕ್ಕದ್ದು. ಒಂದು ಶಾಲೆಗೆ ಇಷ್ಟು ತಕ್ಕದ್ದುಗಳು. ಶಾಲೆಯಲ್ಲಿ ಪರದೆ ಇಲ್ಲ, ಆದ್ದರಿಂದ ಟೀಚರ ಸ್ವಂತ ಫೋನು. ಅಂಗೈಯಗಲದ ಫೋನಿನ ಸುತ್ತ ಇಪ್ಪತ್ತಮೂರು ಮಕ್ಕಳು. ಮುಂದಿನ ಐದು ಮಕ್ಕಳಿಗೆ ವಿಡಿಯೋ ಕಾಣುತ್ತದೆ, ಉಳಿದವರಿಗೆ ಆ ಐವರ ತಲೆ ಕಾಣುತ್ತದೆ. ಮತ್ತೆ ಆ ಫೋನೇ ವಿಡಿಯೋ ತೋರಿಸುತ್ತಿರುವಾಗ ಅದೇ ಫೋನಿನಿಂದ ಫೋಟೋ ತೆಗೆಯುವುದು ಹೇಗೆ? ಟೀಚರು ವಿಡಿಯೋ ನಿಲ್ಲಿಸುತ್ತಾರೆ, ಮಕ್ಕಳನ್ನು ಒಂದು ಸ್ಲೇಟಿನ ಸುತ್ತ ಕೂರಿಸುತ್ತಾರೆ, ಮಕ್ಕಳು ಸ್ಲೇಟನ್ನು ಬೆರಗಿನಿಂದ ನೋಡುತ್ತಾರೆ, ಟೀಚರು ಫೋಟೋ ತೆಗೆದು, ನೀರಿನ ಟ್ಯಾಂಕಿನ ಹತ್ತಿರ ಹೋಗಿ ಸಿಗ್ನಲ್ ಹಿಡಿದು ನಿಮಗೆ ಕಳಿಸುತ್ತಾರೆ. ಎಂಟು ತಿಂಗಳಿಂದ ನೀವು ಸಂಗ್ರಹಿಸುತ್ತಿರುವುದು ಖಾಲಿ ಸ್ಲೇಟು ನೋಡುವ ಮಕ್ಕಳ ಫೋಟೋಗಳನ್ನು. ಜುಲೈ ತಿಂಗಳಲ್ಲಿ ಬಂದ ಒಂದು ವಿಡಿಯೋದ ವಿಷಯ ‘ಗಮನವಿಟ್ಟು ನೋಡುವುದು ಹೇಗೆ’ ಎಂದಿತ್ತಂತೆ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ಕಟ್ಟುವಷ್ಟು ಜಾಣತನ ನನಗಿಲ್ಲ.

ನೋಟಿಸಿನ ಕಥೆ ಇದು. ಮಳೆ ಬಂದ ಒಂದು ಬೆಳಿಗ್ಗೆ ಎರೆಹುಳದ ಬಗ್ಗೆ ವಿಡಿಯೋ ಬಂತು. ಶಾಲೆಯ ಅಂಗಳದಲ್ಲಿ ನಿಜವಾದ ಎರೆಹುಳಗಳು ಎದ್ದು ಹರಿದಾಡುತ್ತಿದ್ದವು. ನನ್ನ ಅಣ್ಣ ನಾಗೇಶನ ಮಗಳು ಹೇಮಶ್ರೀ, ನಾಲ್ಕನೇ ಕ್ಲಾಸು, ಗುಂಪಿನಿಂದ ಎದ್ದು ಹೋಗಿ ಅವುಗಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಫೋಟೋದಲ್ಲಿ ಇಪ್ಪತ್ತೆರಡೇ ಮುಖ ಬಂತು. ‘ಒಂದು ಮಗು ವೀಕ್ಷಿಸುತ್ತಿಲ್ಲ, ಕಾರಣ ನೀಡಿ’ ಎಂದು ಟೀಚರಿಗೆ ನೋಟಿಸು ಬಂತು. ಮಾನ್ಯರೇ, ಅವತ್ತು ಆ ಅಂಗಳದಲ್ಲಿ ವೀಕ್ಷಿಸುತ್ತಿದ್ದದ್ದು ಅವಳೊಬ್ಬಳೇ. ಆದರೆ ಟೀಚರು ಹೆದರಿದರು. ಅಲ್ಲಿಯವರೆಗೆ ಊಟದ ಬಿಡುವಿನಲ್ಲಿ ಕದ್ದು ಮುಚ್ಚಿ ನಡೆಸುತ್ತಿದ್ದ ‘ಕಂಡಿದ್ದು’ ಅವತ್ತಿಗೆ ನಿಂತಿತು.

ಇದೇ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ವಿಷಯ ನಡೆಯುತ್ತಿತ್ತು. ಅದನ್ನು ಯಾರೂ ಕಂಡಿರಲಿಲ್ಲ.

ನನ್ನ ಅಪ್ಪ ಬೀರಯ್ಯನಿಗೆ ಅರವತ್ತಾರು. ಸುತ್ತ ನಾಲ್ಕು ಊರಿನವರು ತಮ್ಮ ಅಟ್ಟದ ಕಾಯಿ ಆಗಿದೆಯೋ ಇಲ್ಲವೋ ನೋಡಲು ಅವನನ್ನು ಕರೆಯುತ್ತಿದ್ದರು. ಅಪ್ಪನಿಗೆ ಇರುವ ಹೆಸರೆಲ್ಲ ಆ ಎರಡು ಕಿವಿಯಿಂದ ಬಂದದ್ದು. ಕಳೆದ ಮಳೆಗಾಲದಲ್ಲಿ ಒಂದು ಮನೆಯ ಅಟ್ಟವನ್ನು ಆಯ್ತು ಅಂದುಬಿಟ್ಟ, ಒಡೆದರೆ ಅರ್ಧದಷ್ಟು ಒಳಗೆ ಹಸಿ. “ಬೀರಣ್ಣಂಗೆ ವಯಸ್ಸಾಯ್ತು ಬುಡ್ರಪ್ಪ” ಅಂತ ಜನ ನಕ್ಕು ಸುಮ್ಮನಾದರು. ನಾವೂ ಸುಮ್ಮನಾದೆವು. ಅವತ್ತಿನಿಂದ ಅಪ್ಪ ಕಾಯಿ ನೋಡಲು ಹೋಗುವಾಗಲೆಲ್ಲ ಮೊಮ್ಮಗಳನ್ನು ಕರೆದುಕೊಂಡು ಹೋಗತೊಡಗಿದ. ನಮಗೆಲ್ಲ ಸಂತೋಷ. ಮಗು ವಿದ್ಯೆ ಕಲಿಯುತ್ತಿದೆ ಅಂತ ಅಣ್ಣ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ. ನಾನೂ ಅದಕ್ಕೆ ಹೃದಯದ ಗುರುತು ಒತ್ತಿದೆ.

ನವೆಂಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಡೈರಿಗೆ ಹಾಲು ಹಾಕಲು ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದ. ಹಿಂದಿನಿಂದ ಬಸ್ಸು ಬಂತು. ಡ್ರೈವರು ಹಾರನ್ ಹೊಡೆದ, ಮತ್ತೆ ಹೊಡೆದ. ಅಪ್ಪ ತಿರುಗಲೇ ಇಲ್ಲ, ಎದುರಿನ ಗುಂಡಿ ತಪ್ಪಿಸಲು ರಸ್ತೆಯ ಕಡೆಗೇ ಒಂದು ಹೆಜ್ಜೆ ಇಟ್ಟ. ಡ್ರೈವರು ಬಸ್ಸನ್ನು ಆಚೆ ಪಕ್ಕಕ್ಕೆ ಎಳೆದುಕೊಂಡರೂ ಅದರ ಪಕ್ಕ ತಾಗಿ ಅಪ್ಪ ಚರಂಡಿಗೆ ಬಿದ್ದ. ತೊಡೆಯ ಮೂಳೆ ಮುರಿಯಿತು. ಡ್ರೈವರೇ ಇಳಿದು ಎತ್ತಿ ಕೂರಿಸಿದನಂತೆ. ಅವನನ್ನು ಬೈಯಲು ನಮಗೆ ಬಾಯಿಲ್ಲ.

ನಾನು ಹಿರೇಹಳ್ಳಿಯಿಂದ ಆಸ್ಪತ್ರೆಗೆ ಓಡಿದೆ. ಡಾಕ್ಟರು ಅಪ್ಪನಿಗೆ ಏನೋ ಕೇಳಿದರು, ಅಪ್ಪ ನಕ್ಕ. ಮತ್ತೊಂದು ಕೇಳಿದರು, ಮತ್ತೂ ನಕ್ಕ. ಡಾಕ್ಟರು ನಮ್ಮ ಕಡೆ ತಿರುಗಿ, “ಇವರಿಗೆ ಕಿವಿ ಕೇಳದೆ ಎಷ್ಟು ದಿನ ಆಯ್ತು?” ಅಂದರು.

“ಇಲ್ಲ ಸಾರ್, ಚೆನ್ನಾಗ್ ಕೇಳುತ್ತೆ,” ಅಂದ ಅಣ್ಣ.

“ಕೇಳಲ್ಲ,” ಅಂದಳು ಹೇಮಶ್ರೀ. ಅವಳು ಮಂಚದ ಕಾಲು ಹಿಡಿದುಕೊಂಡು ನಿಂತಿದ್ದಳು. “ಮಳೆಗಾಲದಿಂದ ಕೇಳಲ್ಲ. ಕಾಯಿ ಅಲ್ಲಾಡ್ಸಿ ನನ್ ಕಿವೀಗ್ ಇಡ್ತಾನೆ. ಸದ್ದು ಬಂತೇನವ್ವ ಅಂತಾನೆ. ನಾನು ತಲೆ ಅಲ್ಲಾಡ್ಸಿದ್ರೆ ಆಯ್ತು ಅಂತಾನೆ.”

“ಮತ್ಯಾಕ್ಲೇ ಯೋಳ್ನಿಲ್ಲ?” ಅಣ್ಣ ಗದರಿದ.

“ಯೋಳ್ದೆ. ನೀನು ಫೋನ್ ನೋಡ್ಕಂಡು ಹೂಂ ಅಂದೆ.”

ಅವಳು ನನ್ನ ಕಡೆ ನೋಡಿದಳು. “ನಿಂಗೂ ಯೋಳ್ದೆ ಅತ್ತೆ. ಭಾನ್ವಾರ. ನೀನೂ ಹೂಂ ಅಂದೆ.”

“ಇನ್ನೊಂದ್ ಸಲ ಯೋಳ್ಬೇಕಿತ್ತು ಕಣೇ,” ಅಂದೆ.

“ಸ್ಕೂಲಲ್ಲಿ ಯೋಳಾನ ಅಂತ ಇಟ್ಕಂಡಿದ್ದೆ,” ಅಂದಳು. “ಸರದಿ ಬರ್ಲೇ ಇಲ್ಲ.”

ಮಾನ್ಯರೇ, ಇಡೀ ತಪ್ಪನ್ನು ನಿಮ್ಮ ಮೇಲೆ ಹಾಕಿ ಈ ಪತ್ರ ಬರೆಯಬಹುದಿತ್ತು, ಓದುವವರಿಗೂ ಖುಷಿಯಾಗುತ್ತಿತ್ತು. ಆದರೆ ಆ ಭಾನುವಾರ ನನಗೆ ನೆನಪಿದೆ, ಅಥವಾ ನೆನಪಿಲ್ಲದ್ದು ನೆನಪಿದೆ. ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದೆ, ಅವಳು ನನ್ನ ಮೊಣಕಾಲು ಹಿಡಿದು ಅಲ್ಲಾಡಿಸುತ್ತಿದ್ದಳು, ನನ್ನ ಹೆಬ್ಬೆರಳು ಮೇಲಿಂದ ಕೆಳಕ್ಕೆ ಹೋಗುತ್ತಿತ್ತು. ಅವತ್ತು ಫೋನಿನಲ್ಲಿ ಏನು ನೋಡಿದೆ ಅಂತ ಯಾರಾದರೂ ಕೇಳಿದರೆ ಒಂದೂ ಹೇಳಲಾರೆ. ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಎರಡು ಸಲ ಹಿರೇಹಳ್ಳಿ ಸ್ಟಾಪು ದಾಟಿ ಮುಂದೆ ಹೋಗಿದ್ದೇನೆ. ರೂಮಿನಲ್ಲಿ ನಾಲ್ವರು ನಾಲ್ಕು ಗೋಡೆಗೆ ಮುಖ ಮಾಡಿ ಮಲಗುತ್ತೇವೆ. ಸುಸ್ತಾಗಿರುತ್ತದೆ ನಿಜ, ಎಂಟು ಗಂಟೆ ನಿಂತು ಕೆಲಸ ಮಾಡಿದ ಕಣ್ಣಿಗೆ ಏನನ್ನೂ ಕೇಳದ ಒಂದು ವಸ್ತು ಬೇಕಾಗುತ್ತದೆ. ಆದರೆ ಅಪ್ಪನ ಕಿವಿ ಹೋದದ್ದು ಒಂಬತ್ತು ವರ್ಷದ ಹುಡುಗಿಗೆ ಕಂಡಿತು, ಮೆಟ್ಟಿಲ ಮೇಲೆ ನಿಂತು ಗಡಗಡ ಗುಳುಗುಳು ಮಾಡಿ ತೋರಿಸಿದ ನನಗೆ ಕಾಣಲಿಲ್ಲ. ಈ ಮಾತನ್ನು ಬರೆಯಲು ನನಗೆ ಮೂರು ತಿಂಗಳು ಬೇಕಾಯಿತು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಾವು ದೊಡ್ಡವರು ಕೆಟ್ಟಿದ್ದೇವೆ. ಮನೆಯಲ್ಲಿ ಮಗು ಹೇಳಿದ್ದಕ್ಕೆ ಹೂಂ ಅನ್ನುವ ಬಾಯಿಗಳಷ್ಟೇ ಇವೆ. ಹತ್ತು ನಿಮಿಷವಾದರೂ ಯಾರೋ ಒಬ್ಬರು ತಲೆ ಎತ್ತಿ, ಆಮೇಲೆ ಏನಾಯಿತು ಅಂತ ಕೇಳುತ್ತಿದ್ದ ಒಂದೇ ಜಾಗ ಆ ಮೆಟ್ಟಿಲಾಗಿತ್ತು. ಅಲ್ಲಿಗೂ ಫೋನು ಕಳಿಸಲೇಬೇಕಿತ್ತೇ? ಅದಕ್ಕೆ ಹೋಗಲು ಬೇರೆ ಜಾಗ ಕಡಿಮೆಯಿತ್ತೇ? ಹೇಮಶ್ರೀಗೆ ಸರದಿ ಸಿಕ್ಕಿದ್ದರೆ ಟೀಚರು ಸಂಜೆ ನಮ್ಮ ಮನೆಗೆ ಬರುತ್ತಿದ್ದರೋ ಇಲ್ಲವೋ ನಾನು ಆಣೆ ಮಾಡಿ ಹೇಳಲಾರೆ. ಮೇಷ್ಟ್ರು ಬಂದಿದ್ದರು, ಅಷ್ಟು ಗೊತ್ತು.

ನೀವು ಹೇಳುವುದೂ ನನಗೆ ಗೊತ್ತಿದೆ. ಹಳ್ಳಿ ಮಕ್ಕಳು ಹಿಂದೆ ಉಳಿಯಬಾರದು, ಜಗತ್ತು ನೋಡಬೇಕು. ಒಪ್ಪುತ್ತೇನೆ. ತಿಮಿಂಗಿಲ ನಮ್ಮ ಕೆರೆಗೆ ಬರುವುದಿಲ್ಲ, ವಿಡಿಯೋದಲ್ಲೇ ನೋಡಬೇಕು. ಫೋನಿನಿಂದ ನಾನೂ ಎಷ್ಟೋ ಓದಿದ್ದೇನೆ, ಈ ಪತ್ರವನ್ನು ಕೈಯಲ್ಲಿ ಬರೆದು ಆಮೇಲೆ ಫೋನಿನಲ್ಲೇ ಟೈಪು ಮಾಡಿದ್ದೇನೆ. ದಿನಕ್ಕೆ ಆರು ಗಂಟೆ ಶಾಲೆ ಇದೆಯಲ್ಲ, ಅದರಲ್ಲಿ ಯಾವ ಹತ್ತು ನಿಮಿಷ ಬೇಕಾದರೂ ತಿಮಿಂಗಿಲಕ್ಕೆ ಕೊಡಿ. ಮಗು ಮನೆಯಿಂದ ಆಗಷ್ಟೇ ಬಂದು, ಕಣ್ಣಿನಲ್ಲಿ ದಾರಿ ಇನ್ನೂ ಹಸಿಯಾಗಿರುವ ಆ ಹತ್ತು ನಿಮಿಷವೇ ಏಕೆ ಬೇಕು?

ಜನವರಿಯಲ್ಲಿ ನೀವು ನಮ್ಮ ಶಾಲೆಗೆ ತಪಾಸಣೆಗೆ ಬಂದಿರಿ. ಅಪ್ಪನನ್ನು ನೋಡಿಕೊಳ್ಳಲು ನಾನು ರಜೆ ಹಾಕಿ ಊರಲ್ಲಿದ್ದೆ, ಹೇಮಶ್ರೀಯನ್ನು ಬಿಡಲು ಬಂದವಳು ಬೇವಿನ ಮರದ ಕೆಳಗೆ ನಿಂತೆ. ನಿಮಗೆ ಹೇಳಲು ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ನೀವು ಜೀಪಿನಿಂದ ಇಳಿದಿರಿ, ಜೇಬಿನಿಂದ ಫೋನು ತೆಗೆದಿರಿ, “ಎಲ್ಲಾ ಇಲ್ಲಿ ನೋಡಿ, ಇಲ್ಲಿ ನೋಡಿ” ಅಂದಿರಿ. ಮಕ್ಕಳು ನೋಡಿದರು. ನೀವು ಪರದೆ ನೋಡಿದಿರಿ, ಬೆರಳಿನಿಂದ ತಲೆ ಎಣಿಸಿದಿರಿ, ಇಪ್ಪತ್ತಮೂರು ಸರಿಯಾಯಿತು. ಟೀಚರು ಏನೋ ಹೇಳಲು ಬಂದರು. ನೀವು ಫೋನಿನಿಂದ ಕಣ್ಣೆತ್ತದೆ ಹೂಂ ಅಂದಿರಿ. ಆ ಹೂಂ ನನಗೆ ಪರಿಚಯವಿತ್ತು, ನಮ್ಮ ಮನೆಯದೇ. ಹನ್ನೊಂದು ನಿಮಿಷದಲ್ಲಿ ಜೀಪು ಹೋಯಿತು. ನನ್ನ ವಾಕ್ಯ ಬಾಯಲ್ಲೇ ಉಳಿಯಿತು. ಆ ಒಂದು ವಾಕ್ಯಕ್ಕೇ ಈಗ ಇಷ್ಟು ಪುಟ ಖರ್ಚಾಗಿದೆ.

ಅಪ್ಪ ಈಗ ವಾಕರ್ ಹಿಡಿದು ಜಗಲಿಯವರೆಗೆ ಬರುತ್ತಾನೆ. ಕಿವಿಗೆ ಮಷೀನು ಹಾಕಬಹುದು ಅಂದಿದ್ದಾರೆ, ಕಾಯುತ್ತಿದ್ದೇವೆ. ಮುಂಚೆಯೇ ಬಂದಿದ್ದರೆ ಒಂದು ಕಿವಿಯಾದರೂ ಇಷ್ಟು ಹೋಗುತ್ತಿರಲಿಲ್ಲವಂತೆ. ಹೋದ ವಾರ ಒಂದು ಕಾಯಿ ಕೊಟ್ಟೆ. ಅಲ್ಲಾಡಿಸಿ, ಕಿವಿಗೆ ಇಡಲಿಲ್ಲ, ಎರಡೂ ಅಂಗೈ ನಡುವೆ ಹಿಡಿದು ಕಣ್ಣು ಮುಚ್ಚಿದ. “ಕೈಗೂ ಒಂದ್ ಚೂರು ಬತ್ತೈತೆ ಕಣವ್ವ,” ಅಂದ. ಎಲ್ಲ ಕಾಯಿಗೂ ಬರುವುದಿಲ್ಲ. ಜನ ಈಗ ಅವನನ್ನು ಕರೆಯುವುದಿಲ್ಲ.

ಶನಿವಾರ, ಭಾನುವಾರ ಸಂಜೆ ನಾವು ಜಗಲಿಯಲ್ಲಿ ‘ಕಂಡಿದ್ದು’ ನಡೆಸುತ್ತೇವೆ. ಅಪ್ಪನಿಗೆ ಕೇಳಲಿ ಅಂತ ಅವನ ಕಿವಿಯ ಹತ್ತಿರವೇ ಕೂಗಿ ಹೇಳಬೇಕು, ಬೀದಿಗೆಲ್ಲ ಕೇಳುತ್ತದೆ, ಎದುರು ಮನೆಯವರೂ ಈಗ ಪ್ರಶ್ನೆ ಹಾಕುತ್ತಾರೆ. ಫೋನುಗಳನ್ನು ಅಕ್ಕಿ ಡಬ್ಬದ ಮೇಲೆ ಇಡುತ್ತೇವೆ. ಅಣ್ಣ ನಡುವೆ ನಾಲ್ಕು ಸಲ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಬರುತ್ತಾನೆ. ನಾನೂ ಹೋಗುತ್ತೇನೆ. ಗೆದ್ದಿದ್ದೇವೆ ಅಂತ ಬರೆಯುತ್ತಿಲ್ಲ.

ನನ್ನ ಬೇಡಿಕೆ ಚಿಕ್ಕದು. ಪ್ರಾರ್ಥನೆಯ ನಂತರದ ಹತ್ತು ನಿಮಿಷದಲ್ಲಿ ವಿಡಿಯೋ ಕಡ್ಡಾಯವಲ್ಲ ಎಂದು ಒಂದು ಸಾಲು ಬರೆದು ಸಹಿ ಹಾಕಿ. ಇಷ್ಟು ಓದಿದ ಮೇಲೆ ಹೆಸರಿಲ್ಲದೆಯೂ ನಮ್ಮ ಶಾಲೆ ಯಾವುದು ಅಂತ ನಿಮಗೆ ಗೊತ್ತಾಗಿರುತ್ತದೆ, ಟೀಚರಿಗೆ ಹೊಸ ನೋಟಿಸು ಕೊಡಬೇಡಿ, ಕೊಟ್ಟಿರುವುದನ್ನೂ ವಾಪಸು ತೆಗೆದುಕೊಳ್ಳಿ. ಆ ಹತ್ತು ನಿಮಿಷದ ಫೋಟೋ ಕೇಳಬೇಡಿ. ಅನುಮಾನವಿದ್ದರೆ ಒಂದು ಬೆಳಿಗ್ಗೆ ನೀವೇ ಬಂದು ಮಕ್ಕಳ ಹಿಂದೆ ನಿಂತು ಕೇಳಿ.

ಬರುವ ಮುಂಚೆ ಒಂದು ವಿಷಯ. ನೀವು ಬಂದು ಹೋದ ವಾರ ಜಗಲಿಯಲ್ಲಿ ಹೇಮಶ್ರೀಯ ಸರದಿ. “ಸಾಹೇಬ್ರ ಎಡಗಾಲ್ ಚಪ್ಪಲಿ ಪಟ್ಟಿ ಕಿತ್ತೋಗೈತೆ!” ಅಂತ ಕೂಗಿ ಹೇಳಿದಳು. “ಪಿನ್ ಹಾಕವ್ರೆ! ಪಿನ್ನಿನ ಮೊನೆ ಒಳಗಡೀಕೆ ಐತೆ! ಅದ್ಕೇ ಜೀಪಿಗೆ ಹೋಗ್ಬೇಕಾದ್ರೆ ಕುಂಟ್ತಿದ್ರು!”

“ಯಾಕಂತೆ ಹೊಲಿಸ್ಕಂಡಿಲ್ಲ?” ಅಪ್ಪ ಕೇಳಿದ.

“ಗೊತ್ತಿಲ್ಲ ತಾತಾ! ಇನ್ನೊಂದ್ ಸಲ ಬಂದಾಗ ನೋಡ್ಕಂಡು ಯೋಳ್ತೀನಿ!”

ನೀವು ಎಣಿಸಿಕೊಂಡು ಹೋದ ಇಪ್ಪತ್ತಮೂರು ತಲೆಗಳಲ್ಲಿ ಒಂದು ನಿಮ್ಮನ್ನು ನೋಡಿತ್ತು ಮಾನ್ಯರೇ. ನಿಮಗೆ ನೋವಾಗುತ್ತಿದೆ ಎಂದು ಅದಕ್ಕೆ ಗೊತ್ತು. ಚಪ್ಪಲಿ ಹೊಲಿಸಿಕೊಳ್ಳಿ.

ಇಂತಿ,
ಒಂದು ಭಾನುವಾರ ಹೂಂ ಅಂದವಳು,
ಬೀರಯ್ಯನ ಮಗಳು